ನಡುದನಿಗಳ ಚರಿತ್ರೆ: ಬರೋಕ್ ಸಂಗೀತ ಉಳಿದು ಬಂದ ಬಗೆ

ಎರಡು ವರ್ಷಗಳ ಹಿಂದೆ ಸಂಶೋಧನೆಯ ಕೆಲಸಕ್ಕಾಗಿ ಮಂಗಳೂರಿನಲ್ಲಿ ಕೆಲವು ವಾರ ಉಳಿದಿದ್ದೆ. ಬಾಸೆಲ್ ಮಿಶನ್ನಿನ ಹಳೆಯ ಶಾಲೆಗಳ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ದಿನಗಳವು. ಸಂಜೆ ರೂಮಿಗೆ ಮರಳುವ ದಾರಿಯಲ್ಲಿ ಒಂದು ಚರ್ಚು ಇತ್ತು. ಅದರ ಪಕ್ಕದ ಸಣ್ಣ ಸಭಾಂಗಣದಲ್ಲಿ ಹಾಡಿನ ಅಭ್ಯಾಸ ನಡೆಯುತ್ತಿತ್ತು. ಮೊದಲ ದಿನ ಕಿವಿಗೆ ಬಿದ್ದ ಹಾಡು ವಿಚಿತ್ರವಾಗಿತ್ತು. ಮೂವರು ಹೆಂಗಸರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದರು. ಮಾತು ಕನ್ನಡ. ಆದರೆ ರಾಗ ಎತ್ತಲೂ ಹೋಗದೆ ಮೂರು ನಾಲ್ಕು ಸ್ವರಗಳ ನಡುವೆಯೇ ಸುಳಿದಾಡಿ, ಇನ್ನೇನು ಎಲ್ಲಿಗೋ ಹೊರಟಿತು ಅನ್ನುವಾಗ ನಿಂತುಬಿಡುತ್ತಿತ್ತು. ಹಾರ್ಮೋನಿಯಂ ಮುಂದೆ ಕೂತ ಹಿರಿಯರು ಪ್ರತಿ ಸಲವೂ 'ಇನ್ನೊಮ್ಮೆ' ಎನ್ನುತ್ತಿದ್ದರು. ಇದೆಂಥ ಹಾಡಪ್ಪಾ ಎಂದುಕೊಂಡು ನಾನು ಮುಂದೆ ನಡೆದೆ.

ಮೂರನೆಯ ಸಂಜೆ ಅದೇ ದಾರಿಯಲ್ಲಿ ಬರುವಾಗ ಇಡೀ ವೃಂದ ಸೇರಿತ್ತು. ಮೇಲಿನ ದನಿ, ಗಂಡಸರ ಎರಡು ದನಿಗಳು, ನಡುವೆ ಆ ಮೂವರು ಹೆಂಗಸರ ದನಿ. ನಾಲ್ಕೂ ಒಟ್ಟಿಗೆ ಎದ್ದಾಗ ನಾನು ಗೇಟಿನ ಬಳಿಯೇ ನಿಂತೆ. ಆ ರಾಗ ನನಗೆ ಗೊತ್ತಿತ್ತು. ಜರ್ಮನಿಯ ಯೊಹಾನ್ ಸೆಬಾಸ್ಟಿಯನ್ ಬಾಖ್ ತನ್ನ 'ಸಂತ ಮತ್ತಾಯನ ಪ್ಯಾಶನ್' ಕೃತಿಯಲ್ಲಿ ಐದು ಸಲ ಬಳಸಿಕೊಂಡ ರಾಗ ಅದು. ಅಭ್ಯಾಸ ಮುಗಿದ ಮೇಲೆ ಹಾರ್ಮೋನಿಯಂ ನುಡಿಸುತ್ತಿದ್ದವರ ಹತ್ತಿರ ಹೋಗಿ, "ಸರ್, ಈ ರಾಗ ಯಾರದು?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ನಮ್ಮದೇ ಮಾರಾಯ್ರೆ. ನನ್ನ ಅಜ್ಜ ಹಾಡ್ತಿದ್ದರು, ಅಪ್ಪ ಹಾಡ್ತಿದ್ದರು, ಈಗ ನಾವು" ಎಂದರು.

ಚರಿತ್ರೆಯ ವಿದ್ಯಾರ್ಥಿಗೆ ಇಂಥ ಉತ್ತರ ಕೇಳಿದರೆ ತಿದ್ದಬೇಕು ಅನ್ನಿಸುತ್ತದೆ. ನಾನು ತಿದ್ದಲಿಲ್ಲ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು.

ಆ ರಾಗದ ದಾಖಲೆ ಹೀಗಿದೆ. 1601ರಲ್ಲಿ ಹಾನ್ಸ್ ಲಿಯೊ ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರ ಅದನ್ನು ಒಂದು ಪ್ರೇಮಗೀತೆಯಾಗಿ ಪ್ರಕಟಿಸಿದ. ಒಬ್ಬ ಹುಡುಗಿಯಿಂದಾಗಿ ಮನಸ್ಸು ಕಲಕಿಹೋಗಿದೆ ಎಂಬುದು ಅದರ ವಸ್ತು. ಕೆಲವೇ ವರ್ಷಗಳಲ್ಲಿ ಅದು ಚರ್ಚಿನ ಹಾಡಾಯಿತು. 1656ರಲ್ಲಿ ಪಾಲ್ ಗೆರ್‌ಹಾರ್ಟ್ ಎಂಬ ಪಾದ್ರಿ ಕವಿ, ಶಿಲುಬೆಯ ಮೇಲಿನ ಕ್ರಿಸ್ತನ ಗಾಯಗೊಂಡ ತಲೆಯನ್ನು ಕುರಿತ ಹಳೆಯ ಲ್ಯಾಟಿನ್ ಪದ್ಯವೊಂದನ್ನು ಜರ್ಮನ್‌ಗೆ ತಂದ. ಅದನ್ನು ಹಾಡಲು ಇದೇ ರಾಗ ಬಳಕೆಗೆ ಬಂತು. 1727ರ ಶುಭ ಶುಕ್ರವಾರ ಲೈಪ್‌ಜಿಗ್‌ನಲ್ಲಿ ಬಾಖ್‌ನ ಪ್ಯಾಶನ್ ಮೊದಲ ಬಾರಿಗೆ ಕೇಳಿಸಿದ್ದು ಎಂದು ವಿದ್ವಾಂಸರು ಇಂದು ಹೇಳುತ್ತಾರೆ. ಅದರಲ್ಲಿ ಯೇಸು ಪ್ರಾಣ ಬಿಟ್ಟ ಮರುಕ್ಷಣವೇ ಬರುವುದು ಈ ರಾಗ. ಏಳು ವರ್ಷಗಳ ನಂತರ ಕ್ರಿಸ್ಮಸ್ಸಿಗಾಗಿ ಬರೆದ ಒರಟೋರಿಯೊದಲ್ಲಿ ಅದೇ ಬಾಖ್ ಅದೇ ರಾಗವನ್ನು ಯೇಸುವಿನ ಜನನಕ್ಕೂ ಬಳಸಿದ. 1973ರಲ್ಲಿ ಅಮೆರಿಕದ ಪಾಲ್ ಸೈಮನ್ ತನ್ನ ದೇಶದ ದಣಿವನ್ನು ಹೇಳಲು ಇದನ್ನೇ ಪಾಪ್ ಹಾಡಾಗಿಸಿದ. ಪ್ರೇಮ, ಮರಣ, ಜನನ, ದಣಿವು: ಮಾತು ಬದಲಾಗುತ್ತಾ ಹೋಯಿತು, ರಾಗ ಉಳಿಯಿತು.

ಯಾಕೆ ಉಳಿಯಿತು? ಸುಮಾರು 1600ರಿಂದ 1750ರವರೆಗಿನ ಯೂರೋಪಿನ ಸಂಗೀತವನ್ನು ನಾವು ಬರೋಕ್ ಎನ್ನುತ್ತೇವೆ. ವಕ್ರವಾದ ಮುತ್ತು ಎಂಬ ಅರ್ಥದ ಪೋರ್ಚುಗೀಸ್ ಪದದಿಂದ ಬಂದ ಹೆಸರು ಅದು. ಮೊದಲು ಬೈಗುಳವಾಗಿಯೇ ಬಳಕೆಯಾದದ್ದು. ಆ ಕಾಲದ ಕೀಬೋರ್ಡ್ ಮತ್ತು ವೃಂದಗಾಯನದ ಕೃತಿಗಳು ಇಂದಿಗೂ ಜನರನ್ನು ಹಿಡಿದಿಡುವುದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಅವು ಕಾಲಾತೀತ, ಅವನ್ನು ಬರೆದವರು ಮಹಾಪ್ರತಿಭೆಗಳು. ಪ್ರತಿಭೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ 'ಕಾಲಾತೀತ' ಎಂಬ ಮಾತು ಕಾಲದೊಳಗೆ ದುಡಿದವರನ್ನು ಅಳಿಸಿಹಾಕುತ್ತದೆ. ಈ ಸಂಗೀತವನ್ನು ಉಳಿಸಿದವರಿಗೆ ಹೆಸರುಗಳಿವೆ, ವಿಳಾಸಗಳಿವೆ. ಅವರಲ್ಲಿ ಹೆಚ್ಚಿನವರು ಆ ಮಂಗಳೂರಿನ ಮೂವರು ಹೆಂಗಸರ ಹಾಗೆ ನಡುವಿನ ದನಿಗಳು.

ಬಾಖ್‌ನಿಂದಲೇ ಶುರು ಮಾಡೋಣ. 1723ರಲ್ಲಿ ಅವನು ಲೈಪ್‌ಜಿಗ್ ನಗರದ ಸಂತ ಥಾಮಸ್ ಶಾಲೆಯ ಸಂಗೀತಗುರುವಾಗಿ ಸೇರಿದ. ನಗರಸಭೆ ಮೊದಲು ಬಯಸಿದ್ದು ಟೆಲೆಮಾನ್‌ನನ್ನು, ನಂತರ ಗ್ರೌಪ್ನರ್‌ನನ್ನು. ಇಬ್ಬರೂ ಸಿಗದೆ ಬಾಖ್‌ಗೆ ಕೆಲಸ ಸಿಕ್ಕಿತು. ಮಕ್ಕಳಿಗೆ ಹಾಡು ಕಲಿಸುವುದು, ನಗರದ ಮುಖ್ಯ ಚರ್ಚುಗಳಿಗೆ ಭಾನುವಾರದ ಸಂಗೀತ ಒದಗಿಸುವುದು ಅವನ ಕೆಲಸ. ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕಂಟಾಟಾ ಬರೆದ. ಅಂದರೆ ಸುಮಾರು ಇಪ್ಪತ್ತು ನಿಮಿಷದ ಹಾಡು-ವಾದ್ಯಗಳ ಕೃತಿ. ಬರೆಯುವುದು, ಪ್ರತಿಯೊಬ್ಬರ ಭಾಗವನ್ನು ಬೇರೆ ಬೇರೆ ನಕಲು ಮಾಡಿಸುವುದು, ಹುಡುಗರಿಗೆ ಕಲಿಸುವುದು, ಭಾನುವಾರ ಹಾಡಿಸುವುದು. ಸೋಮವಾರ ಮತ್ತೆ ಮೊದಲಿನಿಂದ. ಅಂಥ ಸುಮಾರು 200 ಕಂಟಾಟಾಗಳು ಇಂದು ಉಳಿದಿವೆ.

1750ರಲ್ಲಿ ಬಾಖ್ ತೀರಿಕೊಂಡಾಗ ಹಸ್ತಪ್ರತಿಗಳು ಪಾಲಾದವು. ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ನ ಕೈಗೆ ಹೋದವುಗಳಲ್ಲಿ ಬಹಳಷ್ಟು ಬಡತನದಲ್ಲಿ ಮಾರಾಟವಾಗಿ ಚದುರಿದವು. ಎರಡನೆಯ ಮಗ ಕಾರ್ಲ್ ಫಿಲಿಪ್ ಇಮಾನ್ಯುಯೆಲ್ ತನ್ನ ಪಾಲನ್ನು ಜೋಪಾನ ಮಾಡಿದ. ಆದರೆ ಅವನೂ ವ್ಯವಹಾರಕ್ಕೆ ಮಣಿಯಬೇಕಾಯಿತು. ತಂದೆಯ ಕೊನೆಯ ದೊಡ್ಡ ಕೆಲಸ 'ಆರ್ಟ್ ಆಫ್ ಫ್ಯೂಗ್' 1751ರಲ್ಲಿ ಅಚ್ಚಾಗಿತ್ತು. 1756ರ ಹೊತ್ತಿಗೆ ಖರ್ಚಾದದ್ದು ಸುಮಾರು ಮೂವತ್ತು ಪ್ರತಿ. ಅವನು ಅದರ ತಾಮ್ರದ ಅಚ್ಚುಗಳನ್ನು ಮಾರಾಟಕ್ಕಿಟ್ಟ. ವಿಧವೆ ಅನ್ನಾ ಮಾಗ್ದಲೇನಾ 1760ರಲ್ಲಿ ನಗರದ ದಾನದ ಮೇಲೆ ಬದುಕುತ್ತಿದ್ದ ಬಡವಿಯಾಗಿ ಸತ್ತಳು. ಗಂಡನ ಎಷ್ಟೋ ಕೃತಿಗಳನ್ನು ತನ್ನ ಕೈಯಾರೆ ಶುದ್ಧಪ್ರತಿ ಮಾಡಿದ್ದವಳು ಅವಳೇ.

ಇಲ್ಲಿಂದ ಮುಂದಿನ ಕತೆಯನ್ನು ಪಠ್ಯಪುಸ್ತಕಗಳು ಚುಟುಕಾಗಿ ಹೇಳುತ್ತವೆ: ಬಾಖ್‌ನನ್ನು ಜಗತ್ತು ಮರೆಯಿತು, ಎಂಬತ್ತು ವರ್ಷಗಳ ನಂತರ ಮೆಂಡೆಲ್ಸನ್ ಕಂಡುಹಿಡಿದ. ಕತೆ ಚೆನ್ನಾಗಿದೆ. ಆದರೆ ಆ ಎಂಬತ್ತು ವರ್ಷ ಖಾಲಿಯಿರಲಿಲ್ಲ. ಸಂಗೀತ ಎರಡು ದಾರಿಗಳಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತು. ಒಂದು ಕೀಬೋರ್ಡ್ ಕಲಿಯುವವರ ಕೈಗಳಲ್ಲಿ, ಇನ್ನೊಂದು ಒಟ್ಟಾಗಿ ಹಾಡುವವರ ಬಾಯಲ್ಲಿ.

ಕೀಬೋರ್ಡಿನ ದಾರಿ ಮನೆಯೊಳಗೆ ಶುರುವಾಗುತ್ತದೆ. 1720ರ ಜನವರಿ 22ರಂದು ಬಾಖ್ ತನ್ನ ಒಂಬತ್ತು ವರ್ಷದ ಮಗ ಫ್ರೀಡೆಮಾನ್‌ಗೆ ಒಂದು ನೋಟ್‌ಪುಸ್ತಕ ಮಾಡಿಕೊಟ್ಟ. ಸ್ವರಗಳ ಗುರುತು, ಬೆರಳು ಇಡುವ ಕ್ರಮ, ಆಮೇಲೆ ಸಣ್ಣ ಸಣ್ಣ ಪಾಠಗಳು. ಇಂದು ನಾವು ಸಭೆಗಳಲ್ಲಿ ಕೇಳುವ 'ಇನ್ವೆನ್ಶನ್'ಗಳು ಮತ್ತು 'ವೆಲ್-ಟೆಂಪರ್ಡ್ ಕ್ಲಾವಿಯರ್'ನ ಹಲವು ಪ್ರೀಲ್ಯೂಡ್‌ಗಳು ಮೊದಲು ಕಾಣಿಸಿಕೊಂಡದ್ದು ಈ ಮಗನ ಪಾಠದ ಪುಸ್ತಕದಲ್ಲಿ. ಕ್ಲಾವಿಯರ್ ಎಂದರೆ ಮನೆಗಳಿಂದು ಹಾರ್ಪ್ಸಿಕಾರ್ಡ್, ಕ್ಲಾವಿಕಾರ್ಡ್ ಮುಂತಾದ ಕೀಲಿಮಣೆಯ ವಾದ್ಯಗಳಿಗೆಲ್ಲ ಇದ್ದ ಸಾಮಾನ್ಯ ಹೆಸರು. ಹಳೆಯ ಶ್ರುತಿವ್ಯವಸ್ಥೆಯಲ್ಲಿ ಕೆಲವು ಶ್ರುತಿಗಳು ಇಂಪಾಗಿದ್ದರೆ ಕೆಲವು ಕಿವಿಗೆ ಚುಚ್ಚುತ್ತಿದ್ದವು. ಸ್ವರಗಳ ಅಂತರವನ್ನು ಸ್ವಲ್ಪ ಸ್ವಲ್ಪ ಹೊಂದಿಸಿ ಎಲ್ಲ ಹನ್ನೆರಡು ಸ್ವರಸ್ಥಾನಗಳಿಂದಲೂ ನುಡಿಸುವಂತೆ ಮಾಡಿದ ಮೇಲೆ, ಮೇಜರ್‌ನಲ್ಲಿ ಹನ್ನೆರಡು, ಮೈನರ್‌ನಲ್ಲಿ ಹನ್ನೆರಡು, ಒಟ್ಟು 24 ಜೋಡಿ ಕೃತಿಗಳನ್ನು ಬಾಖ್ 1722ರಲ್ಲಿ ಸೇರಿಸಿಟ್ಟ. ಸುಮಾರು ಇಪ್ಪತ್ತು ವರ್ಷಗಳ ನಂತರ ಇನ್ನೂ 24 ಸೇರಿದವು. ಮೊದಲ ಭಾಗದ ಮುಖಪುಟದಲ್ಲಿ ಅವನು ಹೇಳಿಕೊಂಡ ಉದ್ದೇಶ ಸರಳ: ಕಲಿಯುವ ಆಸೆಯ ಎಳೆಯರಿಗೆ ಉಪಯೋಗವಾಗಲಿ, ಬಲ್ಲವರಿಗೆ ಹೊತ್ತು ಕಳೆಯಲು ಆಗಲಿ.

ನಮ್ಮ ಕಡೆಯ ಓದುಗರಿಗೆ ಇದು ಅಪರಿಚಿತ ಸಂಗತಿಯಲ್ಲ. ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆಗಳನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ನಂಬುತ್ತದೆ. ಅವರನ್ನು ಪಿತಾಮಹ ಎಂದು ಕರೆಯುವುದು ಪದಗಳಿಗಾಗಿ ಎಷ್ಟೋ, ಆ ಪಾಠಗಳಿಗಾಗಿಯೂ ಅಷ್ಟೇ. ಕಲಿಯುವ ಮಗುವಿನ ಬಾಯಿಗೆ ಬಿದ್ದ ಸಂಗೀತಕ್ಕೆ ಸಾವು ಸುಲಭವಲ್ಲ. ಅರಮನೆ ಬಿದ್ದರೂ ಪಾಠ ನಿಲ್ಲುವುದಿಲ್ಲ.

'ವೆಲ್-ಟೆಂಪರ್ಡ್ ಕ್ಲಾವಿಯರ್' ಅಚ್ಚಾದದ್ದು 1801ರಲ್ಲಿ, ಬಾಖ್ ಸತ್ತ ಅರ್ಧ ಶತಮಾನದ ಮೇಲೆ. ಅಲ್ಲಿಯವರೆಗೆ ಅದು ಬದುಕಿದ್ದು ಕೈಬರಹದ ಪ್ರತಿಗಳಲ್ಲಿ. ಶಿಷ್ಯ ಗುರುವಿನ ಪ್ರತಿಯನ್ನು ನೋಡಿ ಬರೆದುಕೊಳ್ಳುವುದು, ಅವನ ಶಿಷ್ಯ ಅವನದನ್ನು. ಬಾಖ್ ತಾನೂ ಹಾಗೆಯೇ ಕಲಿತವನು. ಅನಾಥನಾಗಿ ಅಣ್ಣನ ಮನೆಯಲ್ಲಿದ್ದಾಗ, ಅಣ್ಣ ಬೀಗ ಹಾಕಿಟ್ಟಿದ್ದ ಸಂಗೀತದ ಪುಸ್ತಕವನ್ನು ಜಾಲರಿಯ ಬಾಗಿಲೊಳಗೆ ಪುಟ್ಟ ಕೈ ತೂರಿಸಿ ಹೊರತೆಗೆದು, ಆರು ತಿಂಗಳು ಬೆಳದಿಂಗಳಲ್ಲಿ ನಕಲು ಮಾಡಿದನೆಂದು 1754ರಲ್ಲಿ ಪ್ರಕಟವಾದ ಅವನ ಸಂಸ್ಮರಣ ಲೇಖನ ಹೇಳುತ್ತದೆ. ಬರೆದು ಮುಗಿಸಿದಾಗ ಅಣ್ಣ ಅದನ್ನೂ ಕಿತ್ತುಕೊಂಡನಂತೆ. ಬಾನ್ ನಗರದಲ್ಲಿ ನೇಫೆ ಎಂಬ ಆರ್ಗನ್ ವಾದಕ ಇಂಥದೇ ಕೈಬರಹದ ಪ್ರತಿಯಿಂದ ತನ್ನ ಪುಟ್ಟ ಶಿಷ್ಯನಿಗೆ ಪಾಠ ಹೇಳುತ್ತಿದ್ದ. 1783ರಲ್ಲಿ ಒಂದು ಸಂಗೀತ ಪತ್ರಿಕೆಗೆ ಬರೆದ ವರದಿಯಲ್ಲಿ, ಈ ಹುಡುಗ 'ವೆಲ್-ಟೆಂಪರ್ಡ್ ಕ್ಲಾವಿಯರ್'ನ ಬಹುಭಾಗವನ್ನು ನುಡಿಸುತ್ತಾನೆ ಎಂದು ಹೆಮ್ಮೆಪಟ್ಟ. ಹುಡುಗನ ಹೆಸರು ಬೀಥೋವೆನ್.

ಒಂದು ತಮಾಷೆಯನ್ನೂ ಹೇಳಬೇಕು. ಪಿಯಾನೋ ಕಲಿಯಲು ಕೂತ ಮಕ್ಕಳು ಜಗತ್ತಿನಾದ್ಯಂತ, ನಮ್ಮ ಬೆಂಗಳೂರಿನಲ್ಲೂ, ಬಾಖ್‌ನದೆಂದು ಮೊದಲು ನುಡಿಸುವ ಕೃತಿ ಅನ್ನಾ ಮಾಗ್ದಲೇನಾಳ 1725ರ ನೋಟ್‌ಪುಸ್ತಕದ ಜಿ ಮೇಜರ್ ಮಿನುಯೆಟ್. ಅದು ಬಾಖ್‌ನದಲ್ಲ, ಕ್ರಿಸ್ಟಿಯಾನ್ ಪೆಟ್ಜೋಲ್ಟ್ ಎಂಬ ಆರ್ಗನ್ ವಾದಕನದು ಎಂದು ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ಮನೆಯವರಿಗೆ ಇಷ್ಟವಾದ ಹಾಡನ್ನು ಹೆಸರಿಲ್ಲದೆ ಬರೆದಿಟ್ಟುಕೊಂಡಿದ್ದಳು ಆ ತಾಯಿ. 'ಮಹಾಪ್ರತಿಭೆ'ಯ ವಾದಕ್ಕೆ ಇದು ಸಣ್ಣ ಪೆಟ್ಟು. ಆ ಮಿನುಯೆಟ್ ಉಳಿದದ್ದು ಕಲಿಯುವವರಿಗೆ ಅದು ಬೇಕಾಗಿದ್ದರಿಂದ.

ಆದರೆ ಪಾಠಗಳಾದರೆ ಸಾಲದು. ಎಷ್ಟೋ ಪಾಠಪುಸ್ತಕಗಳು ಗೆದ್ದಲು ಹಿಡಿದಿವೆ. ಈ ಸಂಗೀತದ ಹೆಣಿಗೆಯಲ್ಲೇ ಏನೋ ಇದೆ, ಅದು ಕೇಳುವವನಿಗಿಂತ ಮೊದಲು ಮಾಡುವವನನ್ನು ಹಿಡಿಯುತ್ತದೆ. ಫ್ಯೂಗ್ ಎಂಬ ಪ್ರಕಾರವನ್ನೇ ತೆಗೆದುಕೊಳ್ಳಿ. ಒಂದು ದನಿ ಒಂಟಿಯಾಗಿ ಒಂದು ಪುಟ್ಟ ವಾಕ್ಯ ಹೇಳುತ್ತದೆ. ಅದು ಮುಗಿಯುತ್ತಲೇ ಎರಡನೆಯ ದನಿ ಬೇರೆ ಎತ್ತರದಿಂದ ಅದೇ ವಾಕ್ಯವನ್ನು ಎತ್ತಿಕೊಳ್ಳುತ್ತದೆ. ಮೊದಲನೆಯದು ಸುಮ್ಮನಾಗುವುದಿಲ್ಲ, ಹೊಸ ಮಾತು ಹೂಡುತ್ತದೆ. ಆಮೇಲೆ ಮೂರನೆಯದು, ನಾಲ್ಕನೆಯದು. ಹಿಂದಿನ ಸಾಲಿನಲ್ಲಿ ನಿಂತು ಶ್ರುತಿ ಹಿಡಿಯುವುದಷ್ಟೇ ಕೆಲಸ ಎಂಬ ದನಿ ಇಲ್ಲಿ ಯಾವುದೂ ಇಲ್ಲ. ಪಿಯಾನೋ ನುಡಿಸುವವನ ಎಡಗೈ ಬಲಗೈಯಷ್ಟೇ ಜಾಣತನ ತೋರಬೇಕು. ನಡುವಿನ ದನಿಯನ್ನು ಎರಡೂ ಕೈಗಳ ಹೆಬ್ಬೆರಳುಗಳು ಹಂಚಿಕೊಂಡು ದಾಟಿಸಬೇಕು. ನೂರನೆಯ ಸಲ ನುಡಿಸುವಾಗಲೂ ಹಿಂದೆ ಕೇಳಿಸದಿದ್ದ ಒಂದು ದನಿ ಸಿಗುತ್ತದೆ.

ಪ್ಯಾಶನ್ನಿನಲ್ಲಿ ಐದು ಸಲ ಬರುವ ಆ ಹಾಸ್ಲರ್ ರಾಗಕ್ಕೂ ಇದು ಅನ್ವಯಿಸುತ್ತದೆ. ಮೇಲಿನ ರಾಗ ಅದೇ. ಬಾಖ್ ಬದಲಿಸುವುದು ಕೆಳಗಿನ ಮೂರು ದನಿಗಳನ್ನು. ಮೊದಮೊದಲು ನೆಲ ಗಟ್ಟಿಯಿರುತ್ತದೆ. ಯೇಸುವಿನ ಸಾವಿನ ನಂತರ ಬರುವಾಗ ಆಲ್ಟೊ, ಟೆನರ್, ಬಾಸ್‌ಗಳು ಅರೆಸ್ವರಗಳಲ್ಲಿ ಜಾರುತ್ತವೆ. ಎಲ್ಲರಿಗೂ ಗೊತ್ತಿದ್ದ ರಾಗ ಕಾಲ ಕೆಳಗಿನ ನೆಲ ಕುಸಿದಂತೆ ಕೇಳಿಸುತ್ತದೆ. ದುಃಖವನ್ನು ಹೊತ್ತಿರುವುದು ನಡುದನಿಗಳು. ಆ ದಿನ ಮಂಗಳೂರಿನಲ್ಲಿ ಎಲ್ಲಿಗೂ ಹೋಗದ ಹಾಡು ಎಂದುಕೊಂಡಿದ್ದೆನಲ್ಲ, ಅದರ ಕೆಲಸ ನನಗೆ ಅರ್ಥವಾದದ್ದು ನಾಲ್ಕು ದನಿ ಸೇರಿದಾಗ.

ಇನ್ನು ಹಾಡಿನ ದಾರಿ. ಥಾಮಸ್ ಶಾಲೆಯ ಹುಡುಗರು ಬಾಖ್ ಸತ್ತ ಮೇಲೂ ಅವನ ಮೋಟೆಟ್‌ಗಳನ್ನು ಹಾಡುತ್ತಲೇ ಇದ್ದರು. 1789ರಲ್ಲಿ ಮೊಟ್ಸಾರ್ಟ್ ಲೈಪ್‌ಜಿಗ್‌ಗೆ ಬಂದಾಗ ಬಾಖ್‌ನ ಶಿಷ್ಯ ಡೋಲೆಸ್ ಅವನಿಗೊಂದು ಮೋಟೆಟ್ ಹಾಡಿಸಿದ. ರೊಖ್ಲಿಟ್ಸ್ ಎಂಬ ಲೇಖಕ ಬರೆದಿಟ್ಟಂತೆ, ಮೊಟ್ಸಾರ್ಟ್ ಇಂಥವು ಇನ್ನೇನಿವೆ ಎಂದು ಕೇಳಿದ. ಪೂರ್ಣಪ್ರತಿ ಇರಲಿಲ್ಲ, ಒಂದೊಂದು ದನಿಗೆ ಬೇರೆ ಬೇರೆ ಹಾಳೆಗಳಿದ್ದವು. ಅವನ್ನೇ ತರಿಸಿ ಮಡಿಲಲ್ಲಿ, ಕುರ್ಚಿಗಳ ಮೇಲೆ ಹರಡಿಕೊಂಡು, ಎಲ್ಲವನ್ನೂ ಓದಿ ಮುಗಿಸುವವರೆಗೆ ಏಳಲಿಲ್ಲವಂತೆ.

ಬರ್ಲಿನ್‌ನಲ್ಲಿ ಇನ್ನೊಂದು ಎಳೆ ಇತ್ತು. ಸಾರಾ ಲೆವಿ ಎಂಬ ಯೆಹೂದಿ ಮಹಿಳೆ ಬಾಖ್‌ನ ಹಿರಿಯ ಮಗ ಫ್ರೀಡೆಮಾನ್ ಬಳಿ ಹಾರ್ಪ್ಸಿಕಾರ್ಡ್ ಕಲಿತವಳು, ಎರಡನೆಯ ಮಗನಿಗೆ ಆಶ್ರಯ ನೀಡಿದವಳು. ಬಾಖ್ ಕುಟುಂಬದ ಹಸ್ತಪ್ರತಿಗಳನ್ನು ಆಕೆ ಸಂಗ್ರಹಿಸಿದಳು, ತನ್ನ ಮನೆಯ ಕೂಟಗಳಲ್ಲಿ ನುಡಿಸಿದಳು. 1791ರಲ್ಲಿ ಬರ್ಲಿನ್‌ನಲ್ಲಿ ಸಿಂಗ್‌ಅಕಾಡೆಮಿ ಎಂಬ ಹವ್ಯಾಸಿ ಗಾಯಕವೃಂದ ಹುಟ್ಟಿತು. ಲೈಪ್‌ಜಿಗ್‌ನ ಚರ್ಚಿನಲ್ಲಿ ಬಾಖ್ ಕೃತಿಗಳನ್ನು ಹೆಣ್ಣುಮಕ್ಕಳು ಹಾಡುವಂತಿರಲಿಲ್ಲ, ಮೇಲಿನ ದನಿಗಳು ಹುಡುಗರವು. ಸಿಂಗ್‌ಅಕಾಡೆಮಿಯಲ್ಲಿ ಹೆಂಗಸರೂ ಗಂಡಸರೂ ಒಟ್ಟಿಗೆ ನಿಂತರು. ಸಾರಾ ಅದರ ವಾದ್ಯಗೋಷ್ಠಿಗಳಲ್ಲಿ ನುಡಿಸಿದಳು, ತನ್ನ ಸಂಗ್ರಹದ ಬಹುಪಾಲನ್ನು ಅದಕ್ಕೇ ಕೊಟ್ಟಳು.

ಸಾರಾಳ ಅಕ್ಕ ಬೆಲ್ಲಾ ಸಾಲೊಮನ್‌ಳ ಮೊಮ್ಮಕ್ಕಳು ಫ್ಯಾನಿ ಮತ್ತು ಫೆಲಿಕ್ಸ್ ಮೆಂಡೆಲ್ಸನ್. ಇಬ್ಬರೂ ಸಿಂಗ್‌ಅಕಾಡೆಮಿಯಲ್ಲಿ ಹಾಡಿ ಬೆಳೆದವರು. ಹದಿಮೂರನೆಯ ವಯಸ್ಸಿನಲ್ಲಿ ಫ್ಯಾನಿ 'ವೆಲ್-ಟೆಂಪರ್ಡ್ ಕ್ಲಾವಿಯರ್'ನ 24 ಪ್ರೀಲ್ಯೂಡ್‌ಗಳನ್ನು ಬಾಯಿಪಾಠದಿಂದ ನುಡಿಸಿ ತಂದೆಗೆ ಉಡುಗೊರೆ ಕೊಟ್ಟಳು. ಎರಡು ವರ್ಷದ ನಂತರ ಆ ತಂದೆ, ಸಂಗೀತ ಫೆಲಿಕ್ಸ್‌ಗೆ ವೃತ್ತಿಯಾಗಬಹುದು, ನಿನಗದು ಆಭರಣ ಮಾತ್ರ ಎಂಬ ಅರ್ಥದ ಕಾಗದ ಬರೆದ. ಪ್ಯಾಶನ್ನಿನ ಕೈಬರಹದ ಪ್ರತಿಯೊಂದನ್ನು ಅಜ್ಜಿ ಬೆಲ್ಲಾ ಕೊಟ್ಟದ್ದು ಮೊಮ್ಮಗನಿಗೆ.

1829ರ ಮಾರ್ಚ್ 11ರಂದು ಇಪ್ಪತ್ತರ ಹರೆಯದ ಫೆಲಿಕ್ಸ್ ಬರ್ಲಿನ್‌ನಲ್ಲಿ 'ಸಂತ ಮತ್ತಾಯನ ಪ್ಯಾಶನ್' ಹಾಡಿಸಿದ. ಜಾಗ ಚರ್ಚಲ್ಲ, ಸಿಂಗ್‌ಅಕಾಡೆಮಿಯ ಸಭಾಭವನ. ಹಾಡಿದವರು ಸುಮಾರು 150 ಮಂದಿ, ಬಹುಪಾಲು ಹವ್ಯಾಸಿಗಳು. ಫ್ಯಾನಿ ಆಲ್ಟೊ ಸಾಲಿನಲ್ಲಿ ನಿಂತಿದ್ದಳು. ಕೇಳಲು ಬಂದವರಲ್ಲಿ ತತ್ತ್ವಜ್ಞಾನಿ ಹೆಗೆಲ್ ಇದ್ದ. ಅನೇಕ ಏಕಗಾನಗಳನ್ನು ಕತ್ತರಿಸಿ, ಮೂಲವನ್ನು ಕಾಲಕ್ಕೆ ತಕ್ಕಂತೆ ಬದಲಿಸಿದ ಪ್ರದರ್ಶನ ಅದು. ಯೇಸುವಿನ ಪಾತ್ರ ಹಾಡಿದ ಗೆಳೆಯ ಡೆವ್ರಿಯೆಂಟ್ ತನ್ನ ನೆನಪುಗಳಲ್ಲಿ ಹೇಳುವ ಪ್ರಕಾರ, ಈ ಕ್ರೈಸ್ತ ಮಹಾಕೃತಿಯನ್ನು ಜನರಿಗೆ ಮರಳಿ ಕೊಡಲು ಒಬ್ಬ ನಟ ಮತ್ತೊಬ್ಬ ಯೆಹೂದಿ ಹುಡುಗ ಬೇಕಾಯಿತಲ್ಲ ಎಂದು ಫೆಲಿಕ್ಸ್ ಅಂದಿದ್ದನಂತೆ. ಕ್ರೈಸ್ತನಾಗಿ ದೀಕ್ಷೆ ಪಡೆದಿದ್ದರೂ ತನ್ನ ಮೂಲವನ್ನು ಅವನು ಎತ್ತಿ ಹೇಳಿದ ವಿರಳ ಸಂದರ್ಭ ಅದು. 'ಕಂಡುಹಿಡಿದ' ಎಂಬ ಮಾತಿನ ಹಿಂದೆ ಒಬ್ಬ ಅಜ್ಜಿ, ಒಬ್ಬ ಅಜ್ಜಿಯ ತಂಗಿ, ಒಬ್ಬ ಅಕ್ಕ, ವಾರವಾರ ಅಭ್ಯಾಸಕ್ಕೆ ಬಂದ ನೂರೈವತ್ತು ಜನ ಇದ್ದರು.

ಇಂಗ್ಲೆಂಡಿನಲ್ಲಿ ಹ್ಯಾಂಡೆಲ್‌ನ 'ಮೆಸ್ಸೀಯ'ದ ಕತೆಯೂ ಇದೇ ಜಾಡಿನದು. 1741ರಲ್ಲಿ 24 ದಿನಗಳಲ್ಲಿ ಬರೆದ ಕೃತಿ. 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ ಮೊದಲ ಪ್ರದರ್ಶನ. ಹಣ ಹೋದದ್ದು ಎರಡು ಆಸ್ಪತ್ರೆಗಳಿಗೆ ಮತ್ತು ಸಾಲ ತೀರಿಸಲಾಗದೆ ಜೈಲಿನಲ್ಲಿದ್ದವರ ಬಿಡುಗಡೆಗೆ. ಹೆಚ್ಚು ಜನ ಹಿಡಿಸಲೆಂದು ಹೆಂಗಸರು ಅಗಲದ ಬಳೆಲಂಗ ತೊಡದೆ, ಗಂಡಸರು ಕತ್ತಿ ಕಟ್ಟದೆ ಬರಬೇಕೆಂದು ವಿನಂತಿಸಲಾಗಿತ್ತು. 1750ರಿಂದ ಲಂಡನ್ನಿನ ಅನಾಥ ಶಿಶುಗಳ ಆಸ್ಪತ್ರೆಯ ಸಹಾಯಾರ್ಥ ವರ್ಷವರ್ಷ ಅದನ್ನು ಹಾಡಿಸಿದರು. ಮುಂದಿನ ಶತಮಾನದಲ್ಲಿ ಅದು ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಿಗೆ ಇಳಿಯಿತು. ನೊವೆಲ್ಲೊ ಪ್ರಕಾಶನದ ಅಗ್ಗದ ಪ್ರತಿಗಳು ಬಂದವು. ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿ, ಜಾನ್ ಕರ್ವೆನ್ ಹರಡಿದ 'ಟಾನಿಕ್ ಸಾಲ್-ಫಾ' ಪದ್ಧತಿಯೂ ಬಂತು. ಐದು ಗೆರೆಗಳ ಸ್ವರಲಿಪಿ ಬಿಟ್ಟು ಡೊ, ರೆ, ಮಿಗಳನ್ನು ಅಕ್ಷರಗಳಲ್ಲಿ ಬರೆಯುವ ಕ್ರಮ ಅದು. ಆಧಾರ ಸ್ವರವನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಅಂದರೆ ನಮ್ಮ ಸರಿಗಮದ ತತ್ತ್ವ. ಸಂಗೀತ ಓದಲು ಬಾರದಿದ್ದ ಗಿರಣಿ ಕೆಲಸಗಾರರು ಇದರ ಬಲದಿಂದ ಹ್ಯಾಂಡೆಲ್‌ನನ್ನು ಹಾಡಿದರು.

ಇಷ್ಟು ಹೇಳಿದ ಮೇಲೆ ಅಹಿತಕರ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಈ ಸಂಗೀತ ಉಳಿದದ್ದಕ್ಕೆ ಪ್ರೀತಿ ಮಾತ್ರ ಕಾರಣವೇ? ಅಲ್ಲ. ಅಧಿಕಾರವೂ ಕಾರಣ. 1802ರಲ್ಲಿ ಬಾಖ್‌ನ ಮೊದಲ ಜೀವನಚರಿತ್ರೆ ಬರೆದ ಫೋರ್ಕೆಲ್ ಅವನನ್ನು ಜರ್ಮನ್ ರಾಷ್ಟ್ರದ ಸ್ವತ್ತೆಂದು ಸಾರಿದ. ಹ್ಯಾಂಡೆಲ್ ಬ್ರಿಟಿಷ್ ಸಾಮ್ರಾಜ್ಯದ ಜತೆ ಹಡಗೇರಿದ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಇಳಿದಾಗ ಜರ್ಮನ್ ಚರ್ಚಿನ ರಾಗಗಳೂ ಜತೆಗೆ ಇಳಿದವು. ಅದು ಸಮಾನರ ನಡುವಿನ ವಿನಿಮಯವಾಗಿರಲಿಲ್ಲ. ಹೊಸ ಧರ್ಮ ಸೇರಿದವರು ಹೊಸ ರಾಗವನ್ನೂ ಕಲಿಯಬೇಕಾಯಿತು. ಮಿಶನ್ನಿನೊಳಗೇ ಬೇರೆ ದಾರಿ ಹುಡುಕಿದವರಿದ್ದರು. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಕಿಟೆಲ್ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಹಾಡಿನ ರೀತಿಗೆ ಒಗ್ಗಿಸಿದರು. ಆದರೂ ಜರ್ಮನ್ ರಾಗಗಳು ನಿಂತವು.

ಅಧಿಕಾರ ಈ ಸಂಗೀತವನ್ನು ಹರಡಿತು, ಅದರ ವಾರಸುದಾರರನ್ನು ಅಳಿಸಲೂ ನೋಡಿತು. 1936ರ ನವೆಂಬರ್‌ನಲ್ಲಿ ನಾಜಿಗಳು ಲೈಪ್‌ಜಿಗ್‌ನಲ್ಲಿದ್ದ ಮೆಂಡೆಲ್ಸನ್ ಪ್ರತಿಮೆಯನ್ನು ಕಿತ್ತುಹಾಕಿದರು, ಅವನು ಯೆಹೂದಿ ಎಂಬ ಕಾರಣಕ್ಕೆ. ಬಾಖ್ ಬೇಕು, ಬಾಖ್‌ನನ್ನು ತಂದುಕೊಟ್ಟವನು ಬೇಡ. ಊರಿನಲ್ಲಿಲ್ಲದಾಗ ಹೀಗಾಯಿತೆಂದು ಪ್ರತಿಭಟಿಸಿ ಮೇಯರ್ ಗೋರ್ಡೆಲರ್ ಹುದ್ದೆ ಬಿಟ್ಟ. ಹಿಟ್ಲರ್ ವಿರುದ್ಧದ ಸಂಚಿನಲ್ಲಿ ಸೇರಿದ್ದಕ್ಕಾಗಿ 1945ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಸಾರಾ ಲೆವಿ ಕೊಟ್ಟ ಹಸ್ತಪ್ರತಿಗಳೂ ಸೇರಿದಂತೆ ಸಿಂಗ್‌ಅಕಾಡೆಮಿಯ ಭಂಡಾರವನ್ನು 1943ರಲ್ಲಿ ಬಾಂಬುಗಳಿಗೆ ಹೆದರಿ ಸೈಲೀಸಿಯಾ ಪ್ರಾಂತ್ಯಕ್ಕೆ ಸಾಗಿಸಿದ್ದರು. ಯುದ್ಧ ಮುಗಿದಾಗ ಸೋವಿಯತ್ ಸೇನೆ ಅದನ್ನು ಕೀವ್‌ಗೆ ಒಯ್ದಿತು. ಸುಟ್ಟುಹೋಯಿತೆಂದೇ ಬಹಳ ಮಂದಿ ನಂಬಿದ್ದರು. 1999ರಲ್ಲಿ ವಿದ್ವಾಂಸ ಕ್ರಿಸ್ಟೋಫ್ ವೋಲ್ಫ್ ಉಕ್ರೇನಿನ ಸಂಶೋಧಕರ ನೆರವಿನಿಂದ ಅದನ್ನು ಪತ್ತೆಹಚ್ಚಿದ. 5,000ಕ್ಕೂ ಹೆಚ್ಚು ಹಸ್ತಪ್ರತಿಗಳು 2001ರಲ್ಲಿ ಬರ್ಲಿನ್‌ಗೆ ಮರಳಿದವು. ಅರ್ಧ ಶತಮಾನ ಅವನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟವರು ಹೆಸರು ಹೊರಬಾರದ ಕೀವ್‌ನ ಗ್ರಂಥಪಾಲಕರು.

ಆ ಭಂಡಾರದ ಬಗ್ಗೆ ಓದಿದಾಗಲೆಲ್ಲ ನನಗೆ ಹಾರ್ಮೋನಿಯಂ ಹಿರಿಯರ 'ನಮ್ಮದೇ' ಎಂಬ ಮಾತು ನೆನಪಾಗುತ್ತದೆ. ಹಾಸ್ಲರ್, ಗೆರ್‌ಹಾರ್ಟ್, ಬಾಖ್ ಎಂದು ಪಟ್ಟಿ ಹಿಡಿದು ಅವರನ್ನು ತಿದ್ದಬಹುದಿತ್ತು. ಆದರೆ ಆ ಪಟ್ಟಿಯಲ್ಲಿ ಯಾರ ರಾಗವೂ ಅವನೊಬ್ಬನದಾಗಿ ಉಳಿದಿಲ್ಲ. ಬಾಖ್‌ಗೂ ಅದು ಪರರಿಂದ ಬಂದದ್ದೇ. ಅವನ ಶುಕ್ರವಾರದ ಸಭೆಯಲ್ಲಿ ಕೂತವರಿಗೂ ಅದು ಅಜ್ಜನ ಕಾಲದಿಂದ ಹಾಡಿ ಬಂದದ್ದೇ. ಸಾರಾ ಲೆವಿಯ ಧರ್ಮ ಬೇರೆ, ಗಿರಣಿ ಕೆಲಸಗಾರರ ವರ್ಗ ಬೇರೆ, ಮಂಗಳೂರಿನವರ ಭಾಷೆ ಬೇರೆ. ಯಾರ ಕೈಗೆ ಹೇಗೆ ಬಂತು ಎಂಬ ಲೆಕ್ಕವನ್ನು ಚರಿತ್ರೆ ಬಿಡಬಾರದು, ಅದರಲ್ಲಿನ ಬಲವಂತವನ್ನೂ ಮರೆಯಬಾರದು. ಆದರೆ ಮೂರು ತಲೆಮಾರು ಅಭ್ಯಾಸ ಮಾಡಿದವರು ನಮ್ಮದು ಎಂದಾಗ ಅದು ಅಜ್ಞಾನದ ಮಾತಲ್ಲ. ದುಡಿದು ಪಡೆದ ಹಕ್ಕಿನ ಮಾತು.

ಊರು ಬಿಡುವ ಹಿಂದಿನ ಸಂಜೆ ಅದೇ ದಾರಿಯಲ್ಲಿ ಬಂದೆ. ಮಳೆ ಹಿಡಿದಿತ್ತು, ವೃಂದದ ಅರ್ಧ ಜನ ಬಂದಿರಲಿಲ್ಲ. ಮೇಲಿನ ದನಿಯವರು ಯಾರೂ ಇಲ್ಲ. ಆ ಮೂವರು ಹೆಂಗಸರು ಮಾತ್ರ ಕೊಡೆ ಮಡಚಿ ಮೂಲೆಗಿಟ್ಟು ನಿಂತಿದ್ದರು. "ಇವತ್ತು ಆಲ್ಟೊ ಒಂದೇ ಆಗಲಿ" ಎಂದರು ಹಿರಿಯರು. ಮೂರು ನಾಲ್ಕು ಸ್ವರಗಳ ನಡುವೆ ಸುಳಿದಾಡುವ ಅದೇ ಸಾಲು. ಈ ಸಲ ಗೇಟಿನ ಬಳಿ ನಿಂತು, ಉಳಿದ ಮೂರು ದನಿಗಳನ್ನು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತಾ, ಮುಗಿಯುವವರೆಗೂ ಕೇಳಿದೆ.